ಹೋಡಿಗೊಂದು ಹೊಸಿಲು

"ಹೇ ಕಾಯ್ ಕಾಕಾ, ದರ್ವಾಜಾ?"

ಡೊಂಬಿವಲಿಯಿಂದ ಠಾಣೆಗೆ ಹೊರಟ ಸ್ಲೋ ಲೋಕಲಿನ ಮಾಲ್ ಡಬ್ಬಿ. ನನ್ನ ಮಂಡಿಗೆ ಒರಗಿಸಿಕೊಂಡು ಮೂರು ತೇಗದ ಹಲಗೆ. ಒಂದೊಂದೂ 26 ಇಂಚು ಉದ್ದ, 10 ಇಂಚು ಅಗಲ, ಒಂದಿಂಚು ದಪ್ಪ. ಕೇಳಿದಾಕೆ ಮೀನಿನ ಖಾಲಿ ಬುಟ್ಟಿಯ ಮೇಲೆ ಕೂತಿದ್ದಳು.

"ಹೋ, ದರ್ವಾಜಾ. ಹೋಡೀಚಾ" ಎಂದೆ.

"ಹೋಡೀಲಾ ದರ್ವಾಜಾ?" ಎಂದು ಪಕ್ಕದವಳ ಮುಖ ನೋಡಿದಳು. ಇಬ್ಬರೂ ನಕ್ಕರು. ಅವರ ನಗುವಿನಲ್ಲಿ ತಪ್ಪೇನಿರಲಿಲ್ಲ. ಮೀನುಗಾರರ ಹೋಡಿಗೆ ಬಾಗಿಲೆಲ್ಲಿಂದ ಬರಬೇಕು? ನನ್ನ ಅಜ್ಜ ಗಂಗೊಳ್ಳಿಯಿಂದ ಮಂಜಿಯಲ್ಲಿ ಮುಂಬಯಿಗೆ ಬರುತ್ತಿದ್ದವರು. ಮಂಗಳೂರು ಹೆಂಚು ಈ ಊರಿನ ಮಾಡುಗಳಿಗೆ ಏರಿದ್ದು ಅಂಥ ಹಾಯಿಹಡಗುಗಳ ಹೊಟ್ಟೆಯಲ್ಲಿ ಕೂತು ಬಂದೇ. ಅಜ್ಜನ ಲೆಕ್ಕದಲ್ಲಿ ಮುಚ್ಚಿದ ಜಾಗ ಸರಕಿಗೆ, ಬಯಲು ಮನುಷ್ಯರಿಗೆ. ಮಳೆ ಬಂದರೆ ಗೋಣಿ ಹೊದ್ದುಕೊಳ್ಳುವುದು. ಬಾಗಿಲಿನ ಚಿಂತೆ ಹಡಗಿನಲ್ಲೇ ಮನೆ ಮಾಡುವವರಿಗೆ ಮಾತ್ರ.

ನನ್ನ ಭಾವನಿಗೆ ಆ ಹುಚ್ಚು ಹಿಡಿದಿದೆ. ಮೂವತ್ತು ಚಿಲ್ಲರೆ ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ಬೆವರು ಸುರಿಸಿ ನಿವೃತ್ತರಾದವರು, ನೆರೂಳಿನ ಫ್ಲ್ಯಾಟಿನಲ್ಲಿ ಟಿವಿ ನೋಡುತ್ತ ಕೂರುವುದು ಬಿಟ್ಟು ಮೂವತ್ತು ಅಡಿಯ ಹಳೆಯ ಫೈಬರ್ ಹಾಯಿದೋಣಿಯೊಂದನ್ನು ಕೊಂಡುಕೊಂಡರು. ಬೇಲಾಪುರದ ದಿವಾಳೆಯ ಮೀನುಗಾರರ ಕೋಳಿವಾಡದ ಆಚೆ, ಕಡಲು ಒಳನುಗ್ಗಿದ ಖಾಡಿಯ ಕೆಸರಿನಲ್ಲಿ ಅದನ್ನು ಕಟ್ಟಿ ನಿಲ್ಲಿಸಿರುತ್ತಾರೆ. ವಾರದಲ್ಲಿ ನಾಲ್ಕು ದಿನ ಅವರ ವಾಸ ಅಲ್ಲೇ. ಅಕ್ಕ ಒಮ್ಮೆ ಮಾತ್ರ ಹೋಗಿ, ಕ್ಯಾಬಿನ್ನಿನ ಬಾಯಿಯಲ್ಲಿ ಇಣುಕಿ, "ಆ ಬಾಯಿಗೆ ನಾ ಇಳಿತಿಲ್ಲೆ" ಎಂದು ಹೇಳಿ ವಾಪಸು ಬಂದಳು. ನಮ್ಮ ಕುಂದಾಪ್ರ ಕಡೆ ಬಾಯಿ ಎಂದರೆ ಬಾವಿಯೂ ಹೌದು. ಆ ಪ್ರವೇಶಕ್ಕೆ ಎರಡೂ ಅರ್ಥ ಸಲ್ಲುತ್ತದೆ.

ಇಂಥ ದೋಣಿಯನ್ನು ನೋಡದವರಿಗೆ ಒಂದೆರಡು ಮಾತು. ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ಕೂರುವ ತಗ್ಗಿನ ಕಟ್ಟೆ, ಅದು ಕಾಕ್‌ಪಿಟ್. ಅದರ ಮುಂದೆ ಕ್ಯಾಬಿನ್ನಿನ ಗೋಡೆ. ಆ ಗೋಡೆಯಲ್ಲೊಂದು ಕಿಂಡಿ, ಕಿಂಡಿಯಿಂದ ಒಳಕ್ಕೆ ಕಡಿದಾದ ಏಣಿ, ಏಣಿಯ ಹಿಂದೆ ಎಂಜಿನ್. ಕಿಂಡಿಯ ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಮುಚ್ಚಳ. ಕಿಂಡಿಯನ್ನು ಮುಚ್ಚಲು ಕದವಿಲ್ಲ. ಎರಡೂ ಬದಿಯ ಗಾಡಿಯಲ್ಲಿ, ಅಂದರೆ ಕೊರೆದ ಉದ್ದ ತೋಡಿನಲ್ಲಿ, ಮೇಲಿನಿಂದ ಒಂದರ ಮೇಲೊಂದು ಇಳಿಬಿಡುವ ಹಲಗೆಗಳು. ಹಳೆ ಕಾಲದ ಕಿರಾಣಿ ಅಂಗಡಿಯ ಬಾಗಿಲನ್ನು ನಿಲುವಿನಿಂದ ಅಡ್ಡಕ್ಕೆ ಮಲಗಿಸಿದಂತೆ. ಇಡೀ ಕಿಂಡಿಗೆ ಕಂಪ್ಯಾನಿಯನ್‌ವೇ ಎನ್ನುತ್ತಾರೆ, ಹಲಗೆಗಳಿಗೆ ವಾಶ್‌ಬೋರ್ಡ್ ಎನ್ನುತ್ತಾರೆ. ಭಾವ ಮಾತ್ರ ಹೊಸಿಲು, ಹಲಗೆ ಎಂದೇ ಹೇಳುತ್ತಾರೆ.

ಅವರ ದೋಣಿಯ ಹಲಗೆಗಳು ಪ್ಲೈವುಡ್ಡಿನವು, ಪದರ ಬಿಟ್ಟು ಉಬ್ಬಿ ಪುಸ್ತಕದ ಹಾಳೆಯಂತಾಗಿದ್ದವು. ಹೊಸಿಲು ಕಾಕ್‌ಪಿಟ್ಟಿನ ನೆಲದಿಂದ 14 ಇಂಚು ಎತ್ತರ. ಏಣಿಯ ಮೆಟ್ಟಿಲು ಸವೆದು ಜಾರುತ್ತಿತ್ತು. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅಕ್ಕನ ಮಂಡಿಯ ಕಥೆ ಡಾಕ್ಟರಿಗೂ ಸಾಕಾಗಿದೆ. ಆದ್ದರಿಂದ ಬಾಗಿಲು ಸರಿಯಾಗುವ ತನಕ ಬರುವುದಿಲ್ಲ ಎಂದು ಅವಳ ಶರತ್ತು. ಹೊಸಿಲನ್ನೇ ಅರ್ಧಕ್ಕೆ ಕೊಯ್ದು ತಗ್ಗಿಸಿಬಿಡಿ ಎಂದು ನಾನೂ ತಜ್ಞನಂತೆ ಸಲಹೆ ಕೊಟ್ಟೆ. ಭಾವ ಉತ್ತರ ಕೊಡಲಿಲ್ಲ. ರಟ್ಟಿನ ಮೇಲೆ ಕಿಂಡಿಯ ಆಕಾರ ಬರೆದು, ಕತ್ತರಿಸಿ ನನ್ನ ಕೈಗಿತ್ತು, "ಕಲ್ಯಾಣದಲ್ಲಿ ಹಳೇ ಬರ್ಮಾ ತೇಗ ಸಿಕ್ಕುತ್ತೆ, ಮಾಡಿಸಿಕೊಂಡು ಬಾ ಮಾರಾಯ" ಎಂದರು.

ಹಳೆಯ ವಾಡೆ, ಚಾಳುಗಳನ್ನು ಒಡೆದಾಗ ಬರುವ ತೊಲೆ, ಬಾಗಿಲುವಾಡಗಳನ್ನು ಮಾರುವ ಅಂಗಡಿಗಳು ಕಲ್ಯಾಣದ ಹಳೇ ಪೇಟೆಯ ಕಡೆ ಇನ್ನೂ ಉಳಿದಿವೆ. ನನಗೆ ಸಿಕ್ಕಿದ್ದು ಯಾರದ್ದೋ ಮನೆಯ ಹೊಸಿಲಿನ ತುಂಡು. ಮರಾಠಿಯಲ್ಲಿ ಉಂಬರಠಾ. ಅದರ ಹೆಸರಿನಲ್ಲೇ ಉಂಬರ ಅಂದರೆ ಅತ್ತಿಮರ ಇದೆ, ಆದರೆ ಇದು ತೇಗ. ನಡು ಸವೆದು ಬಟ್ಟಲಾಗಿತ್ತು. ಎಷ್ಟು ತಲೆಮಾರಿನ ಪಾದವೋ! ಹೊಸಿಲನ್ನು ತುಳಿಯಬಾರದು ಎಂಬ ಕಟ್ಟಳೆಯನ್ನು ಯಾವ ಮನೆಯೂ ಪಾಲಿಸಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಮೊಳೆ ಕಿತ್ತು ಸೀಳಿದಾಗ ಒಳಗಿನ ಮರ ಎಣ್ಣೆ ಹಚ್ಚಿದಂತೆ ಹೊಳೆಯಿತು, ಹಳೇ ಚರ್ಮದ ಚೀಲದಂಥ ವಾಸನೆ ಬಂತು.

ಬಡಗಿ ಕೆಲಸ ಮುಗಿಸುವವರೆಗೆ ದುರ್ಗಾಡಿಯ ಕಡೆ ನಡೆದು ಹೋದೆ. ಕೋಟೆ ಎಂದರೆ ಈಗ ಒಂದು ದಿಬ್ಬ, ದೇವಿಯ ಗುಡಿ, ಕೆಳಗೆ ಉಲ್ಹಾಸ ನದಿಯ ಖಾಡಿ, ಸೇತುವೆಯ ಮೇಲೆ ನಿಂತುಕೊಂಡೇ ಇರುವ ಭಿವಂಡಿಯ ಲಾರಿಗಳು. 1657ರಲ್ಲಿ ಕಲ್ಯಾಣ-ಭಿವಂಡಿ ಶಿವಾಜಿ ಮಹಾರಾಜರ ಕೈಗೆ ಬಂದ ಮೇಲೆ ಮರಾಠಾ ನೌಕಾಪಡೆಯ ಮೊದಲ ಹಡಗುಗಳು ತಯಾರಾದದ್ದು ಈ ಖಾಡಿಯಲ್ಲಿ. ಪೋರ್ಚುಗೀಸ್ ಕುಶಲಕರ್ಮಿಗಳೂ ಕೆಲಸಕ್ಕಿದ್ದರು, ಅವರ ಸರಕಾರ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು, ಆದರೂ ಕೆಲಸ ನಿಲ್ಲಲಿಲ್ಲ. ಎಂಟು ವರ್ಷಗಳೊಳಗೆ, 1665ರ ಫೆಬ್ರವರಿಯಲ್ಲಿ, 85 ಸಣ್ಣ ಹಡಗು, ಮೂರು ದೊಡ್ಡ ಹಡಗು ಕಟ್ಟಿಕೊಂಡು ಮಹಾರಾಜರು ಸ್ವತಃ ಸಮುದ್ರದ ಮೇಲೆ ಹೊರಟು ಇಳಿದದ್ದು ಎಲ್ಲಿ ಗೊತ್ತೇ? ನಮ್ಮ ಬಸ್ರೂರಿನಲ್ಲಿ. ಶ್ರೀಮಂತ ಬಂದರು, ಲೂಟಿಯಾಯಿತು. ಕುಂದಾಪುರ ತಾಲೂಕಿನವರು ಆಮೇಲೆ ಹೋಟೆಲು, ಬ್ಯಾಂಕು, ಹಡಗುಕಟ್ಟೆ ಎಂದುಕೊಂಡು ಠಾಣೆ ಜಿಲ್ಲೆಗೆ ಬರುತ್ತಲೇ ಇದ್ದಾರೆ. ಲೆಕ್ಕ ಚುಕ್ತಾ ಆಯಿತೋ ಇಲ್ಲವೋ ಅಕೌಂಟೆಂಟನ್ನೇ ಕೇಳಬೇಕು.

ಕಲ್ಯಾಣಕ್ಕೆ ಹೋದರೆ ನನಗೆ ಇನ್ನೊಂದು ಹೊಸಿಲು ನೆನಪಾಗದೆ ಇರುವುದಿಲ್ಲ. 2005ರಲ್ಲಿ ನಾವು ವಾಲಧುನಿ ನದಿಯ ಹತ್ತಿರದ ಒಂದು ಚಾಳಿನ ನೆಲ ಅಂತಸ್ತಿನಲ್ಲಿ ಬಾಡಿಗೆಗಿದ್ದೆವು. ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಎಂದು ಆಮೇಲೆ ಪತ್ರಿಕೆಯಲ್ಲಿ ಓದಿದೆವು. ಆ ರಾತ್ರಿ ನಮಗೆ ಗೊತ್ತಿದ್ದದ್ದು, ಕಪಾಟಿನ ಎರಡನೇ ಖಾನೆಯ ತನಕ ಚರಂಡಿ ನೀರು ನಿಂತದ್ದು ಮಾತ್ರ. ನೀರು ಕಿಟಕಿಯಿಂದ ಬರಲಿಲ್ಲ, ಗೋಡೆಯಿಂದ ಬರಲಿಲ್ಲ. ಬಂಧುಗಳು ಬರುವ ಹಾಗೆ ಬಾಗಿಲಿನಿಂದಲೇ ಬಂತು. ಮುಂದಿನ ಮಳೆಗಾಲದ ಹೊತ್ತಿಗೆ ಚಾಳಿನ ಒಂದೊಂದು ಮನೆಯ ಮುಂದೂ ಮಂಡಿಯೆತ್ತರದ ಇಟ್ಟಿಗೆ ಕಟ್ಟೆ, ಅದರ ಮೇಲೆ ಕಪ್ಪು ಕಡಪಾ ಕಲ್ಲು. ಕೆಲವರು ಚೌಕಟ್ಟಿಗೆ ಎರಡು ಪಟ್ಟಿ ಹೊಡೆದು, ಮಳೆ ಜೋರಾದಾಗ ಹಲಗೆ ಇಳಿಸುವ ವ್ಯವಸ್ಥೆಯನ್ನೂ ಮಾಡಿಕೊಂಡರು. ಅವರಲ್ಲಿ ಒಬ್ಬರೂ ಹಾಯಿದೋಣಿ ಕಂಡವರಲ್ಲ.

ಅಮ್ಮ ಊರಿನಿಂದ ಬಂದವಳು ಕಟ್ಟೆಯ ಮುಂದೆ ನಿಂತು, "ಇದೆಂತ, ಹೊಸ್ಲ್ ದಾಟುದಾ, ಹತ್ತುದಾ?" ಎಂದಳು. ಅದು ಸೋಣೆ ತಿಂಗಳು. ನಮ್ಮ ಕಡೆ ಆ ತಿಂಗಳಿಡೀ ಹೆಂಗಸರು ಹೊಸಿಲು ತೊಳೆದು, ಶೇಡಿ ಬರೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಅಮ್ಮ ಕಡಪಾ ಕಲ್ಲಿನ ಮೇಲೆಯೇ ಹೂವಿಟ್ಟಳು, ಬೇರೆ ದಾರಿ ಇರಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಸೀರೆಯ ನೆರಿಗೆ ಎತ್ತಿಕೊಂಡು ದಾಟಿದಳು, ಎರಡು ಸಲ ಎಡವಿದಳು. ಆ ಕಟ್ಟೆಯನ್ನು ಬೈಯದ ದಿನ ಇರಲಿಲ್ಲ. ಆದರೆ ಮನೆ ಖಾಲಿ ಮಾಡುವ ತನಕ ಅದನ್ನು ಒಡೆಸಬೇಕು ಎಂದು ಅವಳೂ ಹೇಳಲಿಲ್ಲ.

ಸಂಜೆ ಹಲಗೆ ತಯಾರಾಗಿತ್ತು. ಬಡಗಿ ಒಳ್ಳೆಯ ಕೆಲಸಗಾರ. ಹಲಗೆ ಹಲಗೆ ಕೂಡುವ ಅಂಚನ್ನು ಹೇಳಿದ ಹಾಗೆ ಹೊರಕ್ಕೆ ಇಳಿಜಾರಾಗಿ ಕತ್ತರಿಸಿದ್ದ, ಸಂದಿಯಲ್ಲಿ ನೀರು ನಿಂತರೆ ಹೊರಗೇ ಜಾರಬೇಕು ಎಂದು. ಮೇಲಿನ ಹಲಗೆಯಲ್ಲಿ ಗಾಳಿಗೆ ಓರೆಪಟ್ಟಿಗಳ ಜಾಲಿ. ನಾನು ಬೆರಳಾಡಿಸಿ ಖುಷಿಪಟ್ಟೆ. ಅಳೆದು ನೋಡಬೇಕು ಎಂದು ಮಾತ್ರ ಹೊಳೆಯಲಿಲ್ಲ.

ಹಾಗಾಗಿ 2025ರ ಆಗಸ್ಟ್ 10, ಭಾನುವಾರ, ನಾರಳಿ ಪೌರ್ಣಮಿ ಕಳೆದ ಎರಡು ದಿನಕ್ಕೆ, ನಾನು ಮಾಲ್ ಡಬ್ಬಿಯಲ್ಲಿದ್ದೆ. ಕೋಪರ್, ದಿವಾ ದಾಟಿ ಗಾಡಿ ಮುಂಬ್ರಾದ ಬಾಗಿನಲ್ಲಿ ಒಂದು ಪಕ್ಕಕ್ಕೆ ವಾಲಿತು. ಹಲಗೆಗಳು ಜಾರಿದವು, ಬುಟ್ಟಿಯವಳು ಕಾಲಿನಿಂದ ತಡೆದಳು. ಡಬ್ಬಿಯಲ್ಲಿ ಮಾತು ಕ್ಷಣ ನಿಂತಿತು. ಎರಡು ತಿಂಗಳ ಹಿಂದೆ, ಜೂನ್ 9ರ ಬೆಳಿಗ್ಗೆ, ಇದೇ ಬಾಗಿನಲ್ಲಿ ಎದುರುಬದುರಾದ ಎರಡು ಲೋಕಲುಗಳ ಬಾಗಿಲಲ್ಲಿ ಜೋತುಬಿದ್ದವರು ಒಬ್ಬರಿಗೊಬ್ಬರು ತಾಗಿ ಹಳಿಯ ಮೇಲೆ ಬಿದ್ದರು. ನಾಲ್ವರು ಅಂದೇ ತೀರಿಕೊಂಡರು. ಏಸಿ ಇಲ್ಲದ ಹೊಸ ಲೋಕಲುಗಳಿಗೂ ತಾನಾಗಿ ಮುಚ್ಚುವ ಬಾಗಿಲು ಹಾಕುತ್ತೇವೆ, ಉಸಿರು ಕಟ್ಟದಂತೆ ಬಾಗಿಲಿನಲ್ಲೇ ಓರೆಪಟ್ಟಿಯ ಜಾಲಿ ಇಡುತ್ತೇವೆ ಎಂದು ರೈಲ್ವೆ ಆಮೇಲೆ ಘೋಷಿಸಿತು. ಇಪ್ಪತ್ತೆಂಟು ವರ್ಷ ಇದೇ ಹಳಿಯ ಮೇಲೆ ಬ್ಯಾಂಕಿನ ಕೆಲಸಕ್ಕೆ ಹೋದವನು ನಾನು. ಬಾಗಿಲು ಮುಚ್ಚಿದರೆ ಒಳಗಿನವರಿಗೆ ಗಾಳಿಯಿಲ್ಲ, ಹೊರಗುಳಿದವನಿಗೆ ಆಫೀಸಿಲ್ಲ. ತೆರೆದಿದ್ದರೆ ಜೀವಕ್ಕೆ ಖಾತ್ರಿಯಿಲ್ಲ. ತೊಡೆಯ ಮೇಲಿದ್ದ ತೇಗದ ಜಾಲಿಯನ್ನು ಸುಮ್ಮನೆ ಮುಟ್ಟಿ ನೋಡಿಕೊಂಡೆ.

ಠಾಣೆಯಲ್ಲಿ ಇಳಿದು ಟ್ರಾನ್ಸ್-ಹಾರ್ಬರ್ ಗಾಡಿ. ಸೇತುವೆ ದಾಟುವಾಗ ಖಾಡಿಯಲ್ಲಿ ಉಬ್ಬರ ಏರುತ್ತಿತ್ತು, ಕಾಂಡ್ಲಾ ಗಿಡಗಳ ಕುತ್ತಿಗೆಯ ತನಕ ನೀರು. 1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಈ ಠಾಣೆಗೆ ಬಂದು ನಿಂತಿತು, ಮುಂದಿನ ವರ್ಷ ಖಾಡಿ ದಾಟಿ ಕಲ್ಯಾಣ ಮುಟ್ಟಿತು. ಅಂದಿನಿಂದ ಈ ಊರುಗಳು ನೀರಿಗೆ ಬೆನ್ನು ತಿರುಗಿಸಿಯೇ ಕೂತಿವೆ. ಖಾಡಿ ನೆನಪಾಗುವುದು ಚಳಿಗಾಲದಲ್ಲಿ ಐರೋಳಿಯ ಕಡೆ ರಾಜಹಂಸಗಳು ಬಂದಾಗ, ಇಲ್ಲವೇ ಮಳೆಗಾಲದಲ್ಲಿ ಅದು ಮನೆಯೊಳಗೆ ಬಂದಾಗ. ಐರೋಳಿ, ಘನಸೋಳಿ, ತುರ್ಭೆ ಎಲ್ಲ ಒಂದೇ ಥರ ಕಾಣುವ ಸ್ಟೇಷನ್ನುಗಳು, ನಿದ್ದೆ ಮಾಡಿದೆ.

ಬೇಲಾಪುರದಿಂದ ರಿಕ್ಷಾ. ದಿವಾಳೆಯಲ್ಲಿ ಹೋಡಿಗಳಿಗೆ ಹೊಸ ಬಣ್ಣ. ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು, ಕಡಲಿಗೆ ತೆಂಗಿನಕಾಯಿ ಒಪ್ಪಿಸಿಯಾಗಿತ್ತು. ಮಲ್ಪೆಯಲ್ಲೂ ಅದೇ ಹುಣ್ಣಿಮೆಯಂದು ಸಮುದ್ರಪೂಜೆ. ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಇಲ್ಲಿನ ಕೋಳಿ ಮೀನುಗಾರರು ಉಧಾಣ ಎನ್ನುತ್ತಾರೆ. ಆಗ ಮುಂಬಯಿಯ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ನಾನು ತಲುಪಿದಾಗ ದೋಣಿ ಜೆಟ್ಟಿಯ ಮಟ್ಟಕ್ಕೆ ತೇಲುತ್ತಿತ್ತು, ಹಲಗೆಗಳನ್ನು ಕೈಯಿಂದ ಕೈಗೆ ದಾಟಿಸಿದೆವು.

ಭಾವ ಮೊದಲನೆಯದನ್ನು ಗಾಡಿಗೆ ಹಿಡಿದರು. ತುದಿಯಲ್ಲಿ ಸರಿಯಾಗಿ ಕೂತಿತು. ಕೆಳಗೆ ಇಳಿಯಲೇ ಇಲ್ಲ.

"ರಟ್ಟು ಕೊಟ್ಟಿದ್ಯಾ?"

"ಕೊಟ್ಟಿದ್ದೆ ಭಾವ."

ಜೊತೆಗೇ ತಂದಿದ್ದ ರಟ್ಟನ್ನು ಹಲಗೆಗಳ ಮೇಲಿಟ್ಟರು. ಕಿಂಡಿ ಮೇಲೆ 26 ಇಂಚು, ಕೆಳಗೆ ಬರುತ್ತ 20ಕ್ಕೆ ಇಳಿಯುತ್ತದೆ, ಮೊರದ ಹಾಗೆ. ಹಲಗೆಗಳು ಮಾತ್ರ ಮೂರೂ 26. ಬಡಗಿಗೆ ಫೋನ್ ಮಾಡಿದೆ. "ನಿಮ್ಮ ಪುಠ್ಠಾ ಸೊಟ್ಟ ಇತ್ತು ಸಾಹೇಬ್, ನಾನೇ ಮೂಲೆಮಟ್ಟ ಹಿಡಿದು ಸರಿ ಮಾಡಿದೆ" ಎಂದ. ನಲವತ್ತು ವರ್ಷ ಮನೆಬಾಗಿಲು ಮಾಡಿದವನ ಕೈ. ಮೂಲೆಮಟ್ಟಕ್ಕೆ ಬಾರದ ಬಾಗಿಲು ಅವನ ಕಣ್ಣಿಗೆ ಗಿರಾಕಿಯ ತಪ್ಪು. ಹೆಚ್ಚಿನ ಕೂಲಿಯನ್ನೂ ಕೇಳಿರಲಿಲ್ಲ, ಪಾಪ.

ನಾನು ಬೈಸಿಕೊಳ್ಳಲು ತಯಾರಾಗಿ ಕೂತೆ. ಭಾವ ಬೈಯಲಿಲ್ಲ. ಹಳೇ ಪ್ಲೈವುಡ್ ಹಲಗೆಯನ್ನು ಗಾಡಿಗೆ ಹಾಕಿ, ಎರಡು ಬೆರಳಿನಿಂದ ಸ್ವಲ್ಪ ಎತ್ತಿದರು. ಕೆಳಗೆ ಕಿರಿದು, ಮೇಲೆ ಅಗಲ ಅಲ್ಲವೇ? ನಾಲ್ಕು ಬೆರಳು ಎತ್ತಿದ್ದೇ ತಡ, ಅದು ಎರಡೂ ಬದಿಯ ಗಾಡಿಯಿಂದ ತಪ್ಪಿ ಕಾಕ್‌ಪಿಟ್ಟಿಗೆ ಬಿತ್ತು. "ಕಂಡ್ಯಾ?" ಎಂದರು. ಮತ್ತೆ ಚಾ ಕಾಸುತ್ತ ಒಂದು ಹಳೇ ದುರಂತದ ವಿಷಯ ತೆಗೆದರು.

1979ರ ಆಗಸ್ಟಿನಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯ. ಮುನ್ನೂರಕ್ಕೂ ಹೆಚ್ಚು ದೋಣಿಗಳು ಬಿರುಗಾಳಿಗೆ ಸಿಕ್ಕಿಬಿದ್ದವು, ಪಂದ್ಯದಲ್ಲಿದ್ದ 15 ನಾವಿಕರು ಸತ್ತರು. ವಿಚಾರಣೆಯಲ್ಲಿ ನೀರು ಒಳನುಗ್ಗಲು ಮುಖ್ಯ ಕಾರಣವಾಗಿ ಹೊರಬಿದ್ದದ್ದು ಈ ಕಿಂಡಿಯೇ. ದೋಣಿ ಮಗುಚಿ ಎದ್ದಾಗ ಹಲಗೆಗಳು ಉದುರಿ ಸಮುದ್ರಪಾಲಾಗಿದ್ದವು, ಮುಂದಿನ ತೆರೆಗೆ ಬಾಗಿಲು ತೆರೆದೇ ಇತ್ತು. ಅಲ್ಲಿಂದೀಚೆಗೆ ಕಡಲ ಪಂದ್ಯಗಳ ನಿಯಮದಲ್ಲಿ ಎರಡು ಮಾತು ಸೇರಿದವು: ಹಲಗೆಯನ್ನು ಹಗ್ಗದಿಂದ ದೋಣಿಗೆ ಕಟ್ಟಿರಬೇಕು, ಮೇಲಿನ ಮುಚ್ಚಳ ತೆರೆದಿರಲಿ ಮುಚ್ಚಿರಲಿ, ಹಲಗೆ ಜಾಗ ಬಿಡದಂತೆ ಚಿಲಕ ಹಾಕಲು ಬರಬೇಕು. ಚಿಲಕ ಒಳಗಿನಿಂದಲೂ ಹೊರಗಿನಿಂದಲೂ ತೆಗೆಯುವಂತಿರಬೇಕು ಎನ್ನುವುದು ಮನೆಬಾಗಿಲಿನ ಬುದ್ಧಿಗೆ ಒಗ್ಗದ ಮಾತು. ಹೊರಗೆ ಉಳಿದವನು ಕಳ್ಳನಲ್ಲ, ಜೊತೆಗಾರ.

"ಬಾಗ್ಲ್ ಅಂದ್ರೆ ಮನುಷ್ಯ ಬಪ್ಪುಕೆ ಮಾತ್ರ ಅಲ್ಲ ಮಾರಾಯ, ನೀರ್ ಬಪ್ಪುಕೂ ಅದೇ ದಾರಿ" ಎಂದರು ಭಾವ. ನನ್ನ ಸಲಹೆಗೆ ಉತ್ತರ ತಡವಾಗಿಯಾದರೂ ಬಂತು. ಹಿಂದಿನಿಂದ ಒಂದು ತೆರೆ ಹತ್ತಿ ಕಾಕ್‌ಪಿಟ್ ತುಂಬಿದರೆ, ತೂತುಗಳಿಂದ ಅದು ಬರಿದಾಗುವ ತನಕ ತಡೆಯುವುದು ಆ 14 ಇಂಚು.

ನೀವು ಈ ಖಾಡಿಯಲ್ಲಿ ಎಲಿಫೆಂಟಾದ ತನಕ ಹೋದರೆ ಹೆಚ್ಚು, ತೆರೆ ಎಲ್ಲಿಂದ ಬರಬೇಕು ಎಂದು ಕೇಳಿದೆ. ನಮ್ಮ ನೌಕಾಪಡೆಯ 'ತಾರಿಣಿ'ಯ ವಿಷಯ ಹೇಳಿದರು. ಗೋವೆಯಲ್ಲಿ ಕಟ್ಟಿದ 56 ಅಡಿಯ ಹಾಯಿದೋಣಿ. 2024ರ ಅಕ್ಟೋಬರ್ 2ರಂದು ಹೊರಟ ಲೆಫ್ಟಿನೆಂಟ್ ಕಮಾಂಡರ್ ದಿಲ್ನಾ ಮತ್ತು ರೂಪಾ, ಇಬ್ಬರೇ ಹೆಣ್ಣುಮಕ್ಕಳು, ಎಂಟು ತಿಂಗಳು ಲೋಕ ಸುತ್ತಿ 2025ರ ಮೇ 29ರಂದು ಗೋವೆಗೆ ಮರಳಿದರು. "ಅವರ ಬಾಗಿಲಿಗೂ ನಮ್ಮದಕ್ಕೂ ನಿಯಮ ಒಂದೇ" ಎಂದರು. ಇದು ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ವಾಡೆಯ ಅಂಗಳಕ್ಕೆ ಕೋಟೆಯ ಬಾಗಿಲು ಇಟ್ಟಂತೆ ಎನಿಸಿತು. ಆದರೆ ವಾಲಧುನಿಯ ಬದಿಯಲ್ಲಿ ಬಾಡಿಗೆಗೆ ಹೋದಾಗ ನಾನೂ, ಇಲ್ಲಿ ನೀರೆಲ್ಲಿಂದ ಬರಬೇಕು ಎಂದೇ ಹೇಳಿದ್ದೆ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಹಲಗೆಗಳನ್ನು ಕೊಯ್ಯುವುದು ಬೇಡ, ಗಾಡಿಯನ್ನೇ ಬದಲಿಸೋಣ. ಮೊರದಾಕಾರದ ಕಿಂಡಿ ಹಾಗೇ ಇರಲಿ. ಅದರ ಹೊರಮುಖಕ್ಕೆ ನೇರ ನಿಂತ ಎರಡು ತೇಗದ ಪಟ್ಟಿ, ಅದರಲ್ಲಿ ಗಾಡಿ. ಹಲಗೆ ಕೆಳಗಡೆ ಕಿಂಡಿಗಿಂತ ಎರಡೂ ಬದಿ ಮೂರು ಮೂರು ಇಂಚು ಅಗಲವಾಗಿ ಗೋಡೆಯ ಮೇಲೇ ಕೂರುತ್ತದೆ. ಹೊರಗಿನ ನೀರು ಒತ್ತಿದಷ್ಟೂ ಗೋಡೆಗೆ ಬಿಗಿಯಾಗುತ್ತದೆ. ನೇರ ಗಾಡಿಯಾದ್ದರಿಂದ ಪೂರ್ತಿ ಮೇಲಕ್ಕೆಳೆದರೆ ಮಾತ್ರ ಹಲಗೆ ಹೊರಗೆ. ಬಡಗಿ ತನಗೆ ಗೊತ್ತಿಲ್ಲದೆಯೇ ದೋಣಿ ಕಟ್ಟಿದವನ ತಪ್ಪು ತಿದ್ದಿದ್ದ. ನಷ್ಟವೂ ಇದೆ. ಅವಸರದಲ್ಲಿ ಹೊರಬರಲು ಈಗ ಹೆಚ್ಚು ಹೊತ್ತು ಬೇಕು. ಭಾವ ಅದನ್ನೂ ಲೆಕ್ಕ ಹಾಕಿ, ಮೇಲಿನ ಹಲಗೆಯೊಂದನ್ನು ತೆಗೆದರೆ ಮನುಷ್ಯ ತೂರಬಹುದು ಎಂದು ತಾವೇ ತೂರಿ ತೋರಿಸಿದರು. ಹೊಟ್ಟೆ ಸ್ವಲ್ಪ ಸಿಕ್ಕಿಕೊಂಡಿತು.

ಸಂಜೆ ಇಳಿತಕ್ಕೆ ನೀರು ಕಳೆದು ದೋಣಿ ಕೆಸರಿನಲ್ಲಿ ಕೂತು ಎಡಕ್ಕೆ ವಾಲಿತು. ದಿನಕ್ಕೆರಡು ಸಲ ಮನೆಯೇ ವಾಲುತ್ತದೆ. ಚಾ ಲೋಟ ಮೇಜಿನಿಂದ ಹೊರಟಿತು. ಏಣಿ ಇಳಿಯಲು ಹೋದ ನನಗೆ ಮೆಟ್ಟಿಲ ಮೇಲೆ ಪಾದ ಊರಲಾಗಲಿಲ್ಲ. ಹೊಸ ಮೆಟ್ಟಿಲುಗಳ ಎರಡು ತುದಿಯನ್ನೂ ಭಾವ ಮೇಲಕ್ಕೆ ಬಾಗಿಸಿ ಗೀಚಿಟ್ಟುಕೊಂಡದ್ದು ಏಕೆಂದು ಆಗ ತಿಳಿಯಿತು. ದೋಣಿ ವಾಲಿದಾಗ ಆ ಬಾಗಿದ ತುದಿಯೇ ಸಮನೆಲ. ಊರಿನ ಉಪ್ಪರಿಗೆಯ ಏಣಿ ಇಳಿಯುವಂತೆ ಮುಖ ಏಣಿಯ ಕಡೆಗಿಟ್ಟು, ಬೆನ್ನು ತೋರಿಸಿ ಇಳಿ ಎಂದರು. ಬ್ಯಾಂಕಿನ ಮೆಟ್ಟಿಲು ಇಳಿದ ಅಭ್ಯಾಸ ನನಗೆ.

ಮುಂದಿನ ಭಾನುವಾರ, ಆಗಸ್ಟ್ 17, ಸೋಣೆ ಸಂಕ್ರಮಣ. ಎಡೆಬಿಡದ ಮಳೆ. ಅಕ್ಕ ಕೊಡೆ ಹಿಡಿದು ಬಂದಳು. ಗಾಡಿ ಕೂತಿತ್ತು, ಹಿಡಿಯಲು ಎರಡು ಬದಿಗೂ ಸ್ಟೀಲಿನ ಕಂಬಿ, ಹೊಸಿಲಿನ ಹೊರಗೆ ಒಂದು ಮೋಟು ಮೆಟ್ಟಿಲು. 14 ಇಂಚನ್ನು ಕೊಯ್ಯದೆ ಏಳೇಳಾಗಿ ಹಂಚಿದ್ದರು. ಹಲಗೆಗಳಿಗೆ ತೆಳು ಹಗ್ಗ. ಒಳಮುಖದಲ್ಲಿ ಕ್ರಮ ತಪ್ಪದಿರಲು ೧, ೨, ೩ ಎಂದು ಕನ್ನಡದಲ್ಲಿ ಕೊರೆದಿದ್ದರು. ಅಕ್ಕ ಕಂಬಿ ಹಿಡಿದು, ಮೆಟ್ಟಿಲೇರಿ, ಹೊಸಿಲು ತುಳಿಯದೆ ಕಾಲೆತ್ತಿಟ್ಟು, ತಿರುಗಿ, ಬೆನ್ನು ಮಾಡಿ ಇಳಿದಳು. ಹೇಳಿಕೊಡಬೇಕಾಗಲಿಲ್ಲ, ಹುಟ್ಟಿದ ಮನೆಯ ಉಪ್ಪರಿಗೆಗೆ ಅವಳದೇ ಓಡಾಟ ಹೆಚ್ಚಿತ್ತು. ಒಳಗೆ ಹೋಗಿ ಚೀಲದಿಂದ ಹೂವಿನ ಪೊಟ್ಟಣ ತೆಗೆದು, "ಎಲ್ಲಿಡುದು?" ಎಂದಳು. ಭಾವ ಹೊಸಿಲನ್ನು ತೋರಿಸಿದರು. ಇಟ್ಟ ಹೂವು ಮಳೆಗೆ ತೊಯ್ದು ಕಾಕ್‌ಪಿಟ್ಟಿನ ತೂತಿನಿಂದ ಖಾಡಿಗೆ ಹೋಯಿತು.

ಮುಂದಿನ ಎರಡು ದಿನ ಮುಂಬಯಿ ಮಳೆಯಲ್ಲಿ ಮುಳುಗಿತು. 19ರಂದು ಲೋಕಲುಗಳು ಗಂಟೆಗಟ್ಟಲೆ ನಿಂತವು. ಡೊಂಬಿವಲಿಯಲ್ಲಿ ಕಿಟಕಿಯ ಬಳಿ ಕೂತು ಭಾವನಿಗೆ ಫೋನ್ ಮಾಡಿದೆ. ಅವರು ದೋಣಿಯಲ್ಲೇ ಇದ್ದರು.

"ಎಷ್ಟು ನೀರು ಬಂತು ಒಳಗೆ?"

"ಒಂದು ಚೆಂಬು. ಎರಡನೇ ಸಂದಿನಿಂದ. ಅದು ದೊಡ್ಡದಲ್ಲ" ಎಂದರು. "ಮೂರನೇ ಹಲಗೆ ಉಬ್ಬಿ ಗಾಡಿಯಲ್ಲೇ ಕಚ್ಚಿಕೊಂಡಿದೆ, ಬೆಳಿಗ್ಗೆಯಿಂದ ಮೇಲಿನಿಂದ ಹತ್ತಿ ಇಳಿತಾ ಇದ್ದೇನೆ. ಭಾನುವಾರ ಬರುವಾಗ ರಂದಾ ತಾ."